ಮಾತು ಬಂದ ಮೇಲೆ ಕರೆತನ್ನಿ

ಕಾರ್ಕ್ ಕೌಂಟಿ, ಐರ್ಲೆಂಡ್
2 ಫೆಬ್ರವರಿ 2025

ಪ್ರಿಯ ಪೂರ್ಣಿಮಾ,

ಕಾಗದ ನೋಡಿ ಗಾಬರಿಯಾಗಬೇಡ ಮಾರಾಯ್ತಿ, ಯಾರಿಗೂ ಏನೂ ಆಗಿಲ್ಲ. ನನ್ನ ನೈಟ್ ಡ್ಯೂಟಿ ಮುಗಿಯುವಾಗ ನೀನು ಅಮೆರಿಕದ ಲಿನ್‌ವುಡ್‌ನಲ್ಲಿ ಮಲಗಿರುತ್ತೀ, ನೀನು ಏಳುವಾಗ ನಾನು ಮಲಗಿರುತ್ತೇನೆ. ಫೋನಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಇನ್ನೂ ಬರುವುದಿಲ್ಲ. ಹುಬ್ಬಳ್ಳಿಯ ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದವರು, ಈಗ ಹಬ್ಬಕ್ಕೊಂದು ಹೂವಿನ ಚಿತ್ರ ಕಳಿಸಿಕೊಂಡು ಸುಮ್ಮನಾಗುತ್ತಿದ್ದೇವೆ. ಅದಕ್ಕೇ ಪೆನ್ನು ಹಿಡಿದೆ.

ವಿಷಯ ಇದು. ನಮ್ಮ ಬೀದಿಯ ಕೊನೆಗೆ ಒಂದು ಶಾಲೆ ಇದೆ. ಎಲ್ಲ ಪಾಠವೂ ಐರಿಶ್ ಭಾಷೆಯಲ್ಲಿ. ಈ ದೇಶದ ಸ್ವಂತ ಭಾಷೆ ಅದು, ಆದರೆ ಮನೆಯಲ್ಲಿ ಆಡುವವರು ಬಹಳ ಕಡಿಮೆಯಾಗಿದ್ದಾರೆ, ಇಂಥ ಶಾಲೆಗಳಲ್ಲಿ ಹಿಡಿದು ನಿಲ್ಲಿಸಿದ್ದಾರೆ. ಬೀದಿಯ ಹನ್ನೊಂದು ಮಕ್ಕಳೂ ನಡೆದುಕೊಂಡು ಅಲ್ಲಿಗೇ ಹೋಗುತ್ತಾರೆ. ನಮ್ಮ ಅಮೃತ್‌ಗೆ ಮೇ ತಿಂಗಳಿಗೆ ಐದು ತುಂಬುತ್ತದೆ. ಅರ್ಜಿ ಹಾಕಿದೆವು. ಸೀಟು ಇಲ್ಲ ಅಂದರು. ಮನೆಯಲ್ಲಿ ಐರಿಶ್ ಮಾತಾಡುವವರಿಗೆ ಮೊದಲ ಆದ್ಯತೆಯಂತೆ. ಬೇರೆ ಒಂದೆರಡು ಕಾರಣವನ್ನೂ ಬರೆದಿದ್ದಾರೆ, ಅದು ಇರಲಿ.

ಇಲ್ಲಿನ ಪೇಪರಿನಲ್ಲಿ ವಾರವಾರವೂ ಇದೇ ಜಗಳ. ಈ ಶಾಲೆಗಳು ಉಳ್ಳವರಿಗೆ ಮಾತ್ರ, ಹೊರಗಿನಿಂದ ಬಂದವರನ್ನೂ ಹಿಂದುಳಿದ ಮಕ್ಕಳನ್ನೂ ಮೆಲ್ಲಗೆ ಬಾಗಿಲಾಚೆ ಇಡುತ್ತಾರೆ ಎಂದು ಒಬ್ಬರು. ಎಲ್ಲರನ್ನೂ ಬಿಟ್ಟುಕೊಂಡರೆ ಒಂದೇ ವರ್ಷದಲ್ಲಿ ಅದೂ ಇಂಗ್ಲಿಷ್ ಶಾಲೆ ಎಂದು ಇನ್ನೊಬ್ಬರು. ನಮ್ಮ ಯಜಮಾನರು ಸ್ಟ್ಯಾನಿ, ಹತ್ತು ಮೈಲಿ ದೂರದ ಇಂಗ್ಲಿಷ್ ಶಾಲೆಗೆ ಬಸ್ಸು ಬರುತ್ತದಲ್ಲ, ಯಾಕೆ ಇಷ್ಟು ಹಟ ಅನ್ನುತ್ತಾರೆ. ನೀನು ಅಲ್ಲಿ ಕನ್ನಡ ತರಗತಿ ನಡೆಸುವವಳು. ನೀನೇ ಹೇಳು, ಯಾರದು ಸರಿ?

ಶೀತಲ್ ಹೇಗಿದ್ದಾಳೆ? ನಿನ್ನ ಮಗಳಾದ ಮೇಲೆ ಕನ್ನಡ ಮುತ್ತು ಮುತ್ತಾಗಿ ಆಡುತ್ತಿರಬೇಕು.

ನಿನ್ನ,
ಹೆಲೆನ್


ಲಿನ್‌ವುಡ್
16 ಫೆಬ್ರವರಿ 2025

ಪ್ರೀತಿಯ ಹೆಲೆನ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಗಂಡನಿಗೂ ಓದಿ ಹೇಳಿದೆ. ರವಿಕಿರಣ ಬೆಲ್ವ್ಯೂ ಆಫೀಸಿನ ಮೀಟಿಂಗಿನಲ್ಲಿ ಕಿವಿಗೆ ಇಯರ್‌ಫೋನ್ ಇಟ್ಟುಕೊಂಡೇ ‘ಹೂಂ, ಛಲೋ ಬರದಾಳ’ ಅಂದರು.

ನೋಡು, ಮೊದಲು ನಿನ್ನ ಪರ. ಬೀದಿಯ ಮಗುವಿಗೆ ಬೀದಿಯ ಶಾಲೆ ಇಲ್ಲ ಅನ್ನುವುದು ಯಾವ ನ್ಯಾಯ? ಅಮೃತ್‌ನಂಥ ಮಗು ಆರು ತಿಂಗಳಲ್ಲಿ ಅವರಿಗೇ ಐರಿಶ್ ಕಲಿಸಿಯಾನು. ಆದರೆ ಆ ಶಾಲೆಯವರ ಸಂಕಟವೂ ನನಗೆ ಗೊತ್ತು. ನನ್ನ ತರಗತಿ ನಡೆಯುವುದು ಶನಿವಾರ ಎರಡೇ ಗಂಟೆ. ಹದಿನಾಲ್ಕು ಮನೆಯ ಮಕ್ಕಳು. ಕನ್ನಡ ಬಾರದ ಒಂದು ಮಗು ನಡುವೆ ಕೂತರೆ ಸಾಕು, ಬರುವ ಹದಿಮೂರೂ ಅದರ ಸಲುವಾಗಿ ಇಂಗ್ಲಿಷಿಗೆ ತಿರುಗುತ್ತವೆ. ಎರಡು ವರ್ಷ ಇದೇ ಆಯಿತು. ಹೋದ ವರ್ಷ ನಾನೇ ಕೂತು ನಿಯಮ ಬರೆದೆ: ಮನೆಯಲ್ಲಿ ಒಬ್ಬರಾದರೂ ಮಗುವಿನ ಜೊತೆ ಕನ್ನಡ ಆಡಬೇಕು, ಮಗು ಮಾತಾಡುತ್ತಿರಬೇಕು. ಈಗ ಬಂದು ನೋಡು, ಎರಡು ಗಂಟೆ ಕಿವಿಗೆ ಹಬ್ಬ.

ಮೊನ್ನೆ ಶಾಮಲಾ ಅಂತ ಒಬ್ಬಳು ಬಂದಿದ್ದಳು. ಯೂನಿವರ್ಸಿಟಿಯಲ್ಲಿ ರಿಸರ್ಚ್ ಮಾಡುತ್ತಾಳೆ, ಅಲ್ಲಿಂದ ರೈಲು ಹತ್ತಿ ಮಳೆಯಲ್ಲಿ ಮಗನನ್ನು ಕರೆದುಕೊಂಡು. ಹೆಸರು ತನ್ಮಯ, ಐದು ವರ್ಷ. ಏನು ಕೇಳಿದರೂ ಮಾತಿಲ್ಲ, ನನ್ನ ಕೊರಳ ಸರವನ್ನೇ ನೋಡುತ್ತ ನಿಂತಿದ್ದ. ‘ಮಾತು ಬಂದ ಮೇಲೆ ಕರ್ಕೊಂಡು ಬಾರಮ್ಮ, ಮಗುವಿನ ಒಳ್ಳೇದಕ್ಕೇ ಹೇಳ್ತಿರೋದು’ ಎಂದು ಸಮಾಧಾನವಾಗಿ ಹೇಳಿದೆ. ಪಾಪ, ಅರ್ಥ ಮಾಡಿಕೊಂಡಳು. ಥ್ಯಾಂಕ್ಸ್ ಹೇಳಿಯೇ ಹೋದಳು.

ನಿನ್ನದು ಬೇರೆ ವಿಷಯ. ನೀನು ಬಿಡಬೇಡ, ಮೇಲ್ಮನವಿ ಹಾಕು.

ಶೀತಲ್ ಚೆನ್ನಾಗಿದ್ದಾಳೆ. ಕನ್ನಡವೂ ಚೆನ್ನಾಗಿದೆ.

ನಿನ್ನ,
ಪೂರ್ಣಿಮಾ


ಕಾರ್ಕ್ ಕೌಂಟಿ
1 ಮಾರ್ಚ್ 2025

ಪೂರ್ಣಿಮಾ,

ಕಾಗದ ತಲುಪಿತು. ಮೇಲ್ಮನವಿ ಹಾಕಿದ್ದೇವೆ. ಇಪ್ಪತ್ತನೇ ತಾರೀಕು ಸಮಿತಿಯ ಮುಂದೆ ಹೋಗಬೇಕು.

ಒಂದು ಸಹಾಯ ಬೇಕು. ಭಾಷೆ ಕಲಿಸುವವರೊಬ್ಬರಿಂದ ಒಂದು ಪತ್ರ ಇದ್ದರೆ ಒಳ್ಳೆಯದು ಎಂದು ಇಲ್ಲಿ ಪಕ್ಕದ ಮನೆಯವರು ಹೇಳಿದರು. ಮನೆಯಲ್ಲಿ ಆ ಭಾಷೆ ಇಲ್ಲದ ಮಗುವೂ ಶಾಲೆಯಲ್ಲಿ ಕಲಿಯಬಲ್ಲದು ಎಂದಷ್ಟೇ ಬರೆದರೆ ಸಾಕು. ಹೆಚ್ಚೇನೂ ಬೇಡ. ನನಗೆ ಇಲ್ಲಿ ಬೇರೆ ಯಾರನ್ನೂ ಕೇಳಲು ಇಲ್ಲ.

ಆ ಮಗು ತನ್ಮಯ ಆಮೇಲೆ ಬಂದನಾ?

ಹೆಲೆನ್


ಲಿನ್‌ವುಡ್
12 ಮಾರ್ಚ್ 2025

ಪ್ರೀತಿಯ ಹೆಲೆನ್,

ನಿನ್ನ ಕಾಗದ ನಿನ್ನೆ ಬಂತು, ಪತ್ರ ಇವತ್ತೇ ಹೋಯಿತು. ಅಂಚೆಯಲ್ಲಿ ತಡವಾದೀತೆಂದು ಶಾಲೆಯ ವಿಳಾಸ ಹುಡುಕಿ ನೇರವಾಗಿ ಅವರಿಗೇ ಈಮೇಲ್ ಮಾಡಿದೆ. ಇಂಥದ್ದರಲ್ಲಿ ನನ್ನನ್ನು ಬಿಟ್ಟರಿಲ್ಲ.

ನೀನು ‘ಹೆಚ್ಚೇನೂ ಬೇಡ’ ಅಂದದ್ದಕ್ಕೆ ನಗು ಬಂತು. ಶಿಫಾರಸು ಪತ್ರವನ್ನು ಅಷ್ಟು ಬಡವಾಗಿ ಬರೆಯುತ್ತಾರೇನೆ? ನಮ್ಮ ಕಡೆ ಕೆಲಸಕ್ಕೆ ಹೊರಟವನಿಗೆ ಮೇಷ್ಟ್ರು ಪತ್ರ ಬರೆದುಕೊಡುವಾಗ, ಅವನ ಮುಖ ನೆನಪಿಲ್ಲದಿದ್ದರೂ ‘ಸಂಭಾವಿತ, ಚುರುಕು, ಚಿಕ್ಕಂದಿನಿಂದ ಬಲ್ಲೆ’ ಎಂದು ಬರೆಯುತ್ತಿದ್ದರಲ್ಲ. ನಾನೂ ತರಗತಿಯ ಲೆಟರ್‌ಹೆಡ್ಡಿನಲ್ಲಿ ಚೆನ್ನಾಗಿಯೇ ಬರೆದಿದ್ದೇನೆ. ಅಮೃತ್ ಹುಟ್ಟಿದಾಗಿನಿಂದ ನನಗೆ ಗೊತ್ತು, ಮೂರು ಭಾಷೆಗಳಲ್ಲಿ ಅರಳು ಹುರಿದಂತೆ ಮಾತಾಡುತ್ತಾನೆ, ಫೋನಿನಲ್ಲಿ ನನ್ನ ಹತ್ತಿರ ಕನ್ನಡದಲ್ಲಿ ಹರಟೆ ಹೊಡೆಯುತ್ತಾನೆ, ನಾಲ್ಕನೆಯದು ಅವನಿಗೆ ಯಾವ ಲೆಕ್ಕ, ಇತ್ಯಾದಿ. ಎಂಟು ವರ್ಷದ ಅನುಭವವಿರುವ ಶಿಕ್ಷಕಿ ಎಂದು ಸಹಿ.

ಸೀಟು ಸಿಕ್ಕ ದಿನ ಫೋನು ಮಾಡು, ಎಷ್ಟು ಹೊತ್ತಾದರೂ ಸರಿ.

ನಿನ್ನ,
ಪೂರ್ಣಿಮಾ


ಲಿನ್‌ವುಡ್
20 ಏಪ್ರಿಲ್ 2025

ಹೆಲೆನ್,

ತಿಂಗಳಾಯಿತು, ಸುದ್ದಿಯೇ ಇಲ್ಲ. ಫೋನು ಮಾಡಿದರೆ ರಿಂಗಾಗಿ ನಿಲ್ಲುತ್ತದೆ. ಮೆಸೇಜಿಗೆ ನೀಲಿ ಗೆರೆ ಬಿದ್ದಿದೆ, ಉತ್ತರವಿಲ್ಲ. ಸೀಟು ಸಿಗಲಿಲ್ಲವೇ? ಸಿಗದಿದ್ದರೆ ನನ್ನ ಮೇಲೆ ಯಾಕೆ ಮುನಿಸು?

ಇವತ್ತು ರವಿವಾರ, ಮನೆಯಲ್ಲಿ ಯಾರೂ ಇಲ್ಲ. ರವಿಕಿರಣ ಕಂಪನಿ ಕೆಲಸದ ಮೇಲೆ ಹೋಗಿದ್ದಾರೆ. ಬೆಳಿಗ್ಗೆಯಿಂದ ಯಾರ ಜೊತೆಗೂ ಬಾಯಿ ತೆರೆದಿಲ್ಲ ಎಂಬುದು ಈಗ ಟೀ ಮಾಡುವಾಗ ಗೊತ್ತಾಯಿತು. ಸುಳ್ಳೊಂದು ಹೇಳಿದ್ದೆ, ಅದನ್ನಾದರೂ ತಿದ್ದುತ್ತೇನೆ. ಶೀತಲ್ ನನ್ನ ಜೊತೆ ಕನ್ನಡ ಆಡಿ ನಾಲ್ಕು ವರ್ಷವಾಯಿತು. ನಾನು ಕೇಳುವುದು ಕನ್ನಡದಲ್ಲಿ, ಅವಳು ಹೇಳುವುದು ಇಂಗ್ಲಿಷಿನಲ್ಲಿ. ಈಗ ಯೂನಿವರ್ಸಿಟಿ ಹಾಸ್ಟೆಲಿನಲ್ಲಿದ್ದಾಳೆ, ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಬಾ ಅಂದರೆ ಹೆಬ್ಬೆರಳಿನ ಚಿತ್ರ ಬರುತ್ತದೆ. ಆ ಶನಿವಾರದ ಎರಡು ಗಂಟೆಗೆ ನಾನು ಯಾಕೆ ಅಷ್ಟು ಕಾವಲು ಕಾಯುತ್ತೇನೆ ಎಂದು ನಿನಗಾದರೂ ಗೊತ್ತಿರಲಿ. ರವಿಕಿರಣರ ‘ಹೂಂ’ ಬಿಟ್ಟರೆ ವಾರದಲ್ಲಿ ನನ್ನನ್ನು ಕನ್ನಡದಲ್ಲಿ ಮಾತಾಡಿಸುವವರು ಆ ಮಕ್ಕಳೇ.

ಒಂದು ಸಾಲು ಬರೆ. ಬೈದಾದರೂ ಬರೆ.

ಪೂರ್ಣಿಮಾ


ಕಾರ್ಕ್ ಕೌಂಟಿ
29 ಜೂನ್ 2025

ಪೂರ್ಣಿಮಾ,

ಬರೆಯಬಾರದು ಅಂದುಕೊಂಡಿದ್ದೆ. ನಿನ್ನ ಏಪ್ರಿಲ್ ಕಾಗದ ಅಡುಗೆಮನೆಯ ಡ್ರಾಯರಿನಲ್ಲಿ ಇದೆ, ಸ್ಪೂನು ತೆಗೆಯುವಾಗಲೆಲ್ಲ ಕಾಣುತ್ತದೆ.

ಅಮೃತ್ ಮಾತಾಡುವುದಿಲ್ಲ. ಮೂರು ಭಾಷೆ ಬಿಡು, ಒಂದರಲ್ಲೂ ಒಂದು ಶಬ್ದ ಇಲ್ಲ. ಎರಡೂವರೆ ವರ್ಷಕ್ಕೆ ಡಾಕ್ಟರಿಗೆ ತೋರಿಸಿದೆವು. ಆಟಿಸಂ ಅಂದರು. ಮನೆಯಲ್ಲಿ ಒಂದೇ ಭಾಷೆ ಇರಲಿ ಎಂದು ಒಬ್ಬರು ಸಲಹೆ ಕೊಟ್ಟರು, ಅಂದಿನಿಂದ ನಾನೂ ಸ್ಟ್ಯಾನಿಯೂ ಕೊಂಕಣಿ ಬಿಟ್ಟು ಮಗನ ಮುಂದೆ ಇಂಗ್ಲಿಷ್ ಮಾತ್ರ ಆಡುತ್ತೇವೆ. ನನ್ನ ಅಮ್ಮ ನನ್ನನ್ನು ಕರೆದ ಹಾಗೆ ನಾನು ನನ್ನ ಮಗನನ್ನು ಆಮೇಲೆ ಒಂದು ದಿನವೂ ಕರೆಯಲಿಲ್ಲ. ಅವನು ಮಾತ್ರ ಯಾವ ಭಾಷೆಯಲ್ಲಿ ಕರೆದರೂ ತಿರುಗಿ ನೋಡುತ್ತಾನೆ, ಅಷ್ಟೆ.

ಆ ಶಾಲೆಗೆ ಯಾಕೆ ಹಟ ಹಿಡಿದೆ ಅಂದರೆ, ಅಲ್ಲಿಗೆ ಬರುವ ಹೆಚ್ಚಿನ ಮಕ್ಕಳಿಗೆ ಮೊದಲ ದಿನ ಐರಿಶ್ ಬರುವುದಿಲ್ಲ. ಟೀಚರು ಕೈ ಮಾಡಿ, ಚಿತ್ರ ತೋರಿಸಿ, ಹಾಡು ಹೇಳಿ ಕಲಿಸುತ್ತಾರೆ. ಅವನ ಜೀವನದಲ್ಲಿ ಒಂದು ಸಲವಾದರೂ ಮಾತು ಬಾರದವರು ಕೋಣೆ ತುಂಬ ಇರುತ್ತಾರೆ ಎಂದು ನನಗೆ ಆಸೆ ಇತ್ತು.

ನಿನಗೆ ಮೊದಲೇ ಹೇಳಬೇಕಿತ್ತು. ಫೆಬ್ರವರಿಯಲ್ಲಿ ಹೇಳುವವಳೇ ಇದ್ದೆ. ಅಷ್ಟರಲ್ಲಿ ನಿನ್ನ ಕಾಗದದಲ್ಲಿ ಆ ತನ್ಮಯ ಬಂದ. ‘ಮಗುವಿನ ಒಳ್ಳೆಯದಕ್ಕೇ’ ಎಂದು ನೀನು ಬರೆದ ಮಾತು, ಸೀಟಿಲ್ಲ ಎಂದು ಇಲ್ಲಿನ ಶಾಲೆಯವರು ಬರೆದ ಪತ್ರದಲ್ಲೂ ಇತ್ತು. ಆಮೇಲೆ ಹೇಳಲು ನನಗೆ ಬಾಯಿ ಬರಲಿಲ್ಲ. ತಪ್ಪು ನನ್ನದೂ ಹೌದು.

ಮಾರ್ಚ್ ಇಪ್ಪತ್ತನೇ ತಾರೀಕು ಸಮಿತಿಯಲ್ಲಿ ಮೂವರು ಇದ್ದರು. ನಿನ್ನ ಪತ್ರ ಅವರ ಕೈ ಸೇರಿತ್ತು, ನೀನು ಏನು ಬರೆದಿದ್ದೀ ಎಂದು ನನಗೆ ಹೇಳುವ ಕಾಗದ ಇನ್ನೂ ದಾರಿಯಲ್ಲಿತ್ತು. ಅಧ್ಯಕ್ಷೆ ವಯಸ್ಸಾದವರು, ಮೆತ್ತಗಿನ ದನಿ. ಒಂದು ಕೈಯಲ್ಲಿ ಸ್ಪೀಚ್ ಥೆರಪಿಯವರ ರಿಪೋರ್ಟು, ಇನ್ನೊಂದರಲ್ಲಿ ನಿನ್ನ ಪತ್ರ. ‘ಇವೆರಡರಲ್ಲಿ ನಿಮ್ಮ ಮಗ ಯಾರು?’ ಎಂದು ಕೇಳಿದರು. ನಾನು ನಿನ್ನ ಪತ್ರ ಅಲ್ಲೇ ಮೊದಲ ಸಲ ಓದಿದೆ. ಇನ್ನೊಬ್ಬರು ಫೋನಿನಲ್ಲಿ ನಿನ್ನ ತರಗತಿಯ ಪುಟ ತೆಗೆದು ಇಂಗ್ಲಿಷಿನಲ್ಲಿದ್ದ ನಿಯಮ ಗಟ್ಟಿಯಾಗಿ ಓದಿದರು. ‘ನಿಮ್ಮ ಗೆಳತಿಯೂ ಇವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ’ ಅಂದರು. ಬೈದು ಹೇಳಿದ್ದಲ್ಲ, ಇದ್ದದ್ದನ್ನೇ ಹೇಳಿದ್ದು.

ಸೆಪ್ಟೆಂಬರಿನಿಂದ ಅವನು ಬಸ್ಸಿನಲ್ಲಿ ಆ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಬೀದಿಯ ಮಕ್ಕಳು ಸಾಲಾಗಿ ಹೋಗುವುದನ್ನು ಈಗಲೂ ಕಿಟಕಿಯಲ್ಲಿ ನಿಂತು ನೋಡುತ್ತಾನೆ.

ಹೆಲೆನ್


ಲಿನ್‌ವುಡ್
10 ಆಗಸ್ಟ್ 2025

ಹೆಲೆನ್,

ನಾಲ್ಕು ಸಲ ಬರೆದು ಹರಿದೆ. ಏನು ಬರೆದರೂ ನನ್ನನ್ನು ನಾನೇ ಸಮರ್ಥಿಸಿಕೊಂಡ ಹಾಗೆ ಕೇಳಿಸುತ್ತದೆ. ತಪ್ಪಾಯಿತು. ಆ ಮಗುವನ್ನು ನಾನು ಫೋಟೋದಲ್ಲಿ ಬಿಟ್ಟರೆ ನೋಡಿಲ್ಲ, ಅವನ ದನಿ ಹೇಗಿದೆ ಎಂದು ಒಂದು ದಿನವೂ ನಿನ್ನನ್ನು ಕೇಳಲಿಲ್ಲ, ಕೇಳದೆಯೇ ಅವನ ಬಾಯಿಗೆ ಮೂರು ಭಾಷೆ ತುಂಬಿದೆ.

ಹೋದ ಶನಿವಾರ ಪೋಷಕರ ಸಭೆ ಕರೆದು ಆ ನಿಯಮ ತೆಗೆಯೋಣ ಅಂದೆ. ಅಡಿವೆಪ್ಪನವರು ನಮ್ಮಲ್ಲಿ ಹಿರಿಯರು, ತರಗತಿ ಶುರು ಮಾಡಿದವರು. ‘ಅಲ್ರೀ ಪೂರ್ಣಿಮಾ, ರೂಲು ಮಾಡಿದವರೂ ನೀವ, ತಗೀರಿ ಅನ್ನೋರೂ ನೀವ. ಮಂದಿ ಏನಂದಾರು?’ ಎಂದರು. ಸಾಗರ್ ಅಂತ ಒಬ್ಬ ಅಪ್ಪ, ಒಳ್ಳೆಯವನೇ. ‘ಟೀಚರ್, ನಾವು ಮೂವತ್ತು ಮೈಲಿ ಡ್ರೈವ್ ಮಾಡ್ಕೊಂಡು ಬರೋದು ಮಕ್ಕಳು ಕನ್ನಡ ಮಾತಾಡ್ಲಿ ಅಂತ. ಮಾತೇ ಬರದ ಮಗು ಬಂದ್ರೆ ನೀವು ಅವನ ಹಿಂದೆ ಇರ್ತೀರ, ನಮ್ಮವು ಇಂಗ್ಲಿಷ್ ಸ್ಟಾರ್ಟ್ ಮಾಡ್ತವೆ’ ಅಂದ. ಹೋದ ವರ್ಷ ಆ ಮಾತನ್ನು ಅವನಿಗೆ ಹೇಳಿಕೊಟ್ಟವಳೇ ನಾನು. ಹದಿನಾಲ್ಕು ಮನೆಯವರು ಸೇರಿದ್ದ ಸಭೆಯಲ್ಲಿ ಮೂರು ಕೈ ಎದ್ದವು, ಒಂದು ನನ್ನದೇ. ನಿಯಮ ಉಳಿಯಿತು.

ಆಮೇಲೆ ಶಾಮಲಾಳ ಮನೆ ಹುಡುಕಿಕೊಂಡು ಹೋದೆ. ತನ್ಮಯನನ್ನು ನಾನೇ ಬೇರೆಯಾಗಿ ಕೂರಿಸಿಕೊಂಡು ಕಲಿಸುತ್ತೇನೆ, ನಿಮ್ಮ ಮನೆಗೇ ಬರುತ್ತೇನೆ ಅಂದೆ. ಅವಳು ಕಾಫಿ ಕೊಟ್ಟಳು. ‘ಪರವಾಗಿಲ್ಲ ಮೇಡಂ. ಅವನಿಗೆ ಅವತ್ತು ಏನೂ ಗೊತ್ತಾಗಿಲ್ಲ ಅಂದ್ಕೊಂಡಿದ್ದೆ. ಆಮೇಲೆ ಒಂದು ತಿಂಗಳು, ಪ್ರತಿ ಶನಿವಾರ ಬೆಳಿಗ್ಗೆ ಶೂ ಹಾಕ್ಕೊಂಡು ಬಾಗಿಲ ಹತ್ರ ಕೂರ್ತಿದ್ದ. ಈಗ ಕೂರಲ್ಲ. ಮತ್ತೆ ಶುರು ಮಾಡೋದು ಬೇಡ’ ಅಂದಳು. ಹುಡುಗ ಒಳಗಿನ ಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ.

ಬರುವಾಗ ರೈಲಿನಲ್ಲಿ ಅತ್ತುಬಿಟ್ಟೆ. ಎದುರು ಕೂತಿದ್ದವಳು ಟಿಶ್ಯೂ ಕೊಟ್ಟಳು. ನಾನು ಏನು ಮಾಡಬೇಕು ಹೇಳು, ಮಾಡುತ್ತೇನೆ.

ಪೂರ್ಣಿಮಾ


ಕಾರ್ಕ್ ಕೌಂಟಿ
21 ಸೆಪ್ಟೆಂಬರ್ 2025

ಪೂರ್ಣಿಮಾ ಅವರಿಗೆ,

ನಮಸ್ಕಾರ. ಮುಂದಿನ ವರ್ಷದ ಪ್ರವೇಶಕ್ಕೆ ಅದೇ ಶಾಲೆಯಲ್ಲಿ ಅಕ್ಟೋಬರ್ ಕೊನೆಯಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ನಾವು ಮತ್ತೆ ಹಾಕುತ್ತೇವೆ. ಸಮಿತಿಯಲ್ಲಿ ಅದೇ ಮೂವರು. ಫೈಲಿನಲ್ಲಿ ನಿಮ್ಮ ಪತ್ರವೂ ಇದೆ. ನಾನೇ ಹಾಗೆ ಬರೆಸಿದೆ ಎಂದು ಅವರು ತಿಳಿದುಕೊಂಡಿದ್ದಾರೆ, ಹಾಗಾಗಿ ಈ ತಾಯಿ ಏನು ಹೇಳಿದರೂ ಎರಡು ಸಲ ನೋಡಬೇಕು ಎಂಬ ಭಾವನೆ ಅಲ್ಲಿದೆ. ಮಗನಿಗೆ ಏನು ಬೇಕು ಎಂದು ನಾನು ಹೇಳುವುದನ್ನು ಅವರು ನಂಬದಿದ್ದರೆ ಅವನ ಪರವಾಗಿ ಮಾತಾಡಲು ಬೇರೆ ಯಾರೂ ಇಲ್ಲ.

ಏನು ಮಾಡಬೇಕೆಂದು ಕೇಳಿದ್ದೀರಿ. ಆ ಪತ್ರ ಸುಳ್ಳು ಎಂದು ನೀವೇ ಬರೆದು ಕಳಿಸಬೇಕು. ಇಷ್ಟೇ.

ಸ್ಟ್ಯಾನಿ ನಿಮ್ಮನ್ನು ಕೇಳಿದರು.

ಹೆಲೆನ್


ಲಿನ್‌ವುಡ್
12 ಅಕ್ಟೋಬರ್ 2025

ಹೆಲೆನ್,

ನೀನು ನನಗೆ ‘ನೀವು’ ಅಂದೆ. ಅನ್ನಬೇಕಾದದ್ದೇ.

ಲೆಟರ್‌ಹೆಡ್ಡಿನಲ್ಲಿ ಬರೆಯಬೇಡಿ, ನಮ್ಮ ತರಗತಿಯ ಹೆಸರು ಕೆಡುತ್ತದೆ ಎಂದು ಅಡಿವೆಪ್ಪನವರು ಹೇಳಿದರು. ತರಗತಿಯ ಹೆಸರಿಲ್ಲದೆ ಈ ಪತ್ರ ಬರೆಯಲು ಆಗುವುದಿಲ್ಲ ಎಂದೆ. ಹಾಗಾದರೆ ನೀವು ಬಿಡುವುದೇ ಒಳ್ಳೆಯದು ಅಂದರು. ಬಿಟ್ಟೆ. ಈಗ ಬೇರೆ ಒಬ್ಬರು ಕಲಿಸುತ್ತಾರೆ. ಮೊದಲ ಶನಿವಾರ ಹತ್ತು ಗಂಟೆಗೆ ಸೀರೆ ಉಟ್ಟು ಬ್ಯಾಗು ತಗೊಂಡಿದ್ದೆ, ರವಿಕಿರಣ ‘ಎಲ್ಲಿಗೆ ಹೊಂಟಿ?’ ಎಂದು ಕೇಳಿದ ಮೇಲೆ ನೆನಪಾಯಿತು. ಈಗ ಶನಿವಾರ ಏನು ಮಾಡಬೇಕೆಂದು ಇನ್ನೂ ಗೊತ್ತಾಗಿಲ್ಲ.

ಪತ್ರದ ಇಂಗ್ಲಿಷ್ ತಿದ್ದಲು ಶೀತಲ್‌ಗೆ ಕಳಿಸಿದೆ. ಅವಳು ಒಂದು ಶಬ್ದವನ್ನೂ ತಿದ್ದಲಿಲ್ಲ, ಹೀಗೇ ಕಳಿಸು ಅಂದಳು, ಇಂಗ್ಲಿಷಿನಲ್ಲೇ. ನೀನು ಉತ್ತರ ಬರೆಯಲೇಬೇಕು ಎಂದಿಲ್ಲ. ನಿನ್ನೆ ಶಾಲೆಗೆ ಕಳಿಸಿದ ಪತ್ರವನ್ನು ಕನ್ನಡದಲ್ಲಿ ಕೆಳಗೆ ಬರೆದಿದ್ದೇನೆ, ಈ ಸಲ ಅವರ ಕೈಯಲ್ಲಿ ನೋಡಿ ನೀನು ಮೊದಲ ಸಲ ಓದುವುದು ಬೇಡ.

‘ಮಾನ್ಯರೇ,

ಮಾರ್ಚ್ ತಿಂಗಳಲ್ಲಿ ಅಮೃತ್ ಎಂಬ ಮಗುವಿನ ಬಗ್ಗೆ ನಿಮಗೆ ಪತ್ರ ಬರೆದವಳು ನಾನು. ಅದರಲ್ಲಿದ್ದದ್ದು ಸುಳ್ಳು. ನಾನು ಆ ಮಗುವನ್ನು ನೋಡಿಲ್ಲ, ಅವನ ಜೊತೆ ಮಾತಾಡಿಲ್ಲ. ಹಾಗೆ ಬರೆಯಿರಿ ಎಂದು ಅವನ ತಾಯಿ ಹೇಳಲಿಲ್ಲ. ಹೆಚ್ಚೇನೂ ಬೇಡ ಎಂದೇ ಬರೆದಿದ್ದಳು, ಆ ಕಾಗದದ ಪ್ರತಿಯನ್ನೂ ಅದರ ಇಂಗ್ಲಿಷ್ ಅನುವಾದವನ್ನೂ ಇದರೊಂದಿಗೆ ಇಟ್ಟಿದ್ದೇನೆ. ಅವಳನ್ನು ನಂಬಿ. ಸುಳ್ಳು ಹೇಳಿದವಳು ನಾನೊಬ್ಬಳೇ.

ನನ್ನ ತರಗತಿಯ ನಿಯಮವನ್ನು ನೀವು ಓದಿದಿರಿ. ಅದನ್ನು ಬರೆದವಳೂ ನಾನೇ. ಭಾಷೆ ಉಳಿಯಲಿ ಎಂದು ಬರೆದೆ. ಆ ನಿಯಮ ತೋರಿಸಿ ಫೆಬ್ರವರಿಯಲ್ಲಿ ಮಾತು ಬಾರದ ಐದು ವರ್ಷದ ಹುಡುಗನೊಬ್ಬನನ್ನು ಬಾಗಿಲಿನಿಂದಲೇ ಕಳಿಸಿದೆ. ಎಂಟು ವರ್ಷ ಮಕ್ಕಳಿಗೆ ಕಲಿಸಿದವಳು ನಾನು, ಅಂಥ ಮಗು ಭಾಷೆಯ ತರಗತಿಯಲ್ಲಿ ಕಲಿಯಬಲ್ಲದೇ ಎಂದು ನೀವು ಕೇಳಿದರೆ ನನಗೆ ಗೊತ್ತಿಲ್ಲ. ನಾನು ಅವನನ್ನು ಒಂದು ದಿನವೂ ಒಳಗೆ ಕೂರಿಸಿಕೊಳ್ಳಲಿಲ್ಲ. ನಿಮಗೂ ಗೊತ್ತಿಲ್ಲ.

ಪೂರ್ಣಿಮಾ’